ಹನ್ನೆರಡು ಟೆನ್ಸಿನ ಪಟ್ಟಿಯನ್ನು ಮೊದಲ ದಿನವೇ ಬೋರ್ಡಿಗೆ ಹಾಕಬೇಡಿ

ಇಂಗ್ಲಿಷ್ ಗ್ರಾಮರ್ ಪಾಠ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ. ಬೋರ್ಡಿನ ಮೇಲೆ ಗೆರೆ ಎಳೆದು ಹನ್ನೆರಡು ಮನೆ ಮಾಡುವುದು. ಪ್ರೆಸೆಂಟ್, ಪಾಸ್ಟ್, ಫ್ಯೂಚರ್, ಒಂದೊಂದರಲ್ಲೂ ನಾಲ್ಕು ನಾಲ್ಕು. ಮಕ್ಕಳು ಅದನ್ನು ಚೆಂದ ಮಾಡಿ ಬರೆದುಕೊಳ್ಳುತ್ತಾರೆ, ಸ್ಕೇಲ್ ಇಟ್ಟು ಗೆರೆ ಹಾಕುತ್ತಾರೆ, ಬಾಯಿಪಾಠವನ್ನೂ ಮಾಡಿಕೊಂಡು ಬರುತ್ತಾರೆ. ಮರುದಿನ ಅದೇ ಮಗುವಿಗೆ "ನಿನ್ನೆ ಸಂಜೆ ಏನು ಮಾಡಿದೆ, ಇಂಗ್ಲಿಷಲ್ಲಿ ಹೇಳು ನೋಡೋಣ" ಅನ್ನಿ. ಮಾತೇ ಹೊರಡುವುದಿಲ್ಲ. ಪಟ್ಟಿ ಗೊತ್ತಿದೆ, ಆದರೆ ಮಾತು ಬರುವುದಿಲ್ಲ.

ನಾನು ಕುಮಟಾದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಕಲಿಸುತ್ತೇನೆ, ಭಾನುವಾರ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ ಅಲ್ಲೂ ಒಂದು ಕ್ಲಾಸ್ ಮಾಡುತ್ತೇನೆ. ಬರುವವರು ಎಲ್ಲ ಥರದವರು. ಐದು, ಆರನೇ ಕ್ಲಾಸಿನ ಮಕ್ಕಳು, ಎಸ್ಸೆಸ್ಸೆಲ್ಸಿಯವರು, ಪಿಯುಸಿ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಕಟ್ಟಿದವರು, ಗೋವಾದ ಆಸ್ಪತ್ರೆಯಲ್ಲಿ ಕೆಲಸ ಹುಡುಕುತ್ತಿರುವ ನರ್ಸ್‌ಗಳು, ಹೋಂಸ್ಟೇ ನಡೆಸುವ ಹೆಂಗಸರು. ಇವರೆಲ್ಲರಿಗೂ ಒಂದೇ ಪಟ್ಟಿ, ಒಂದೇ ಕ್ರಮ ಅಂದರೆ ಹೇಗೆ? ಯಾವ ನಿಯಮ ಯಾವಾಗ ಹೇಳಬೇಕು, ಅದಕ್ಕಿಂತ ಮುಖ್ಯವಾಗಿ ಯಾವಾಗ ಹೇಳಬಾರದು ಅನ್ನುವುದೇ ಗ್ರಾಮರ್ ಕಲಿಸುವವರ ನಿಜವಾದ ಕೆಲಸ ಅಂತ ನಾನು ನಂಬಿದ್ದೇನೆ. ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಭಾಷೆ ಕಲಿಯುವವರಿಗೆ ಹಂತಗಳ ಒಂದು ಅಳತೆ ಇದೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಮಾಡಿದ್ದು. ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಆರು ಮೆಟ್ಟಿಲು. ಇಂಗ್ಲಿಷ್ ಪಠ್ಯಪುಸ್ತಕಗಳ ಹಿಂಬದಿ ರಟ್ಟಿನಲ್ಲಿ ಈ ಅಕ್ಷರಗಳನ್ನು ನೋಡಿರುತ್ತೀರಿ. ಅದರಲ್ಲಿ ನನಗೆ ಹಿಡಿಸಿದ್ದು ಏನು ಗೊತ್ತಾ, ಯಾವ ಮೆಟ್ಟಿಲನ್ನೂ "ಇಷ್ಟು ಗ್ರಾಮರ್ ಬರಬೇಕು" ಅಂತ ಶುರು ಮಾಡುವುದಿಲ್ಲ. "ಇಂಥದ್ದನ್ನು ಮಾಡಬಲ್ಲರು" ಅಂತ ಶುರು ಮಾಡುತ್ತದೆ. ತನ್ನ ಹೆಸರು, ಊರು ಹೇಳಬಲ್ಲರು. ಅಂಗಡಿಯಲ್ಲಿ ಬೆಲೆ ಕೇಳಬಲ್ಲರು. ನಡೆದ ಸಂಗತಿಯನ್ನು ವಿವರಿಸಬಲ್ಲರು. ಒಂದು ವಿಷಯದ ಪರ, ವಿರೋಧ ವಾದ ಮಾಡಬಲ್ಲರು. ಆ ಕೆಲಸಕ್ಕೆ ಎಷ್ಟು ಗ್ರಾಮರ್ ಬೇಕೋ ಅಷ್ಟು ಆಗ ಬರುತ್ತದೆ.

ಇನ್ನೊಂದು ಸಂಗತಿ ಇದೆ, ನಮ್ಮ ಟೀಚರುಗಳಿಗೆ ಟ್ರೈನಿಂಗಿನಲ್ಲಿ ಇದನ್ನು ಇನ್ನೂ ಜಾಸ್ತಿ ಹೇಳಬೇಕಿತ್ತು. ಡುಲೇ ಮತ್ತು ಬರ್ಟ್ ಅನ್ನುವ ಇಬ್ಬರು ಸಂಶೋಧಕರು 1974ರಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳು, ಚೀನೀ ಮಾತಾಡುವ ಮಕ್ಕಳು ಇಂಗ್ಲಿಷ್ ಕಲಿಯುವುದನ್ನು ಹೋಲಿಸಿ ನೋಡಿದರು. ಮನೆಮಾತು ಬೇರೆ ಬೇರೆ, ಆದರೆ ಯಾವುದು ಮೊದಲು ಬರುತ್ತದೆ, ಯಾವುದು ಕೊನೆಗೆ ಬರುತ್ತದೆ ಅನ್ನುವ ಕ್ರಮ ಹೆಚ್ಚುಕಡಿಮೆ ಒಂದೇ ಥರ ಇತ್ತು. ಆಮೇಲೆ ಕ್ರಾಶೆನ್ ಅನ್ನುವ ಭಾಷಾ ಸಂಶೋಧಕರು ಅದನ್ನೇ ಮುಂದುವರಿಸಿದರು. ವರ್ಬಿನ ಕೊನೆಯ "ಇಂಗ್" ಬೇಗ ಬರುತ್ತದೆ. ಬಹುವಚನದ "ಎಸ್" ಬೇಗ ಬರುತ್ತದೆ. "ಹಿ ಗೋಸ್, ಶಿ ಕಮ್ಸ್" ಅನ್ನುವಾಗಿನ "ಎಸ್" ಇದೆಯಲ್ಲ, ಅದು ಬರುವುದು ತೀರಾ ತಡವಾಗಿ. ಮನೆಮಾತಿನಿಂದ ಈ ಕ್ರಮದಲ್ಲಿ ವ್ಯತ್ಯಾಸ ಆಗುತ್ತದೆ ಅಂತ ಆಮೇಲಿನವರು ತೋರಿಸಿದ್ದಾರೆ, ನಮ್ಮ ಮಕ್ಕಳಲ್ಲೂ ಅದು ಕಾಣುತ್ತದೆ. ಆದರೂ ಮೂಲ ಮಾತು ಗಟ್ಟಿ. ನಾವು ಕಲಿಸುವ ಕ್ರಮ ಬೇರೆ, ಅವರು ಕಲಿಯುವ ಕ್ರಮ ಬೇರೆ. ಪೀನೆಮಾನ್ ಅನ್ನುವವರು 1984ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜರ್ಮನ್ ಕಲಿಯುತ್ತಿದ್ದ ಇಟಲಿಯ ಮಕ್ಕಳನ್ನು ನೋಡಿ ಹೇಳಿದ್ದು ಇದು: ಕಲಿಯುವವರು ಆ ಮೆಟ್ಟಿಲಿಗೆ ಬಂದಿರದಿದ್ದರೆ ಎಷ್ಟು ಕಲಿಸಿದರೂ ಅದು ಅವರ ಮಾತಿಗೆ ಇಳಿಯುವುದಿಲ್ಲ.

ಇದು ತರಗತಿಯಲ್ಲಿ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಆರನೇ ಕ್ಲಾಸಿನ ಒಬ್ಬಳು ಹುಡುಗಿ ತನ್ನ ಮನೆಯವರ ಬಗ್ಗೆ ಹೇಳುತ್ತಿದ್ದಳು. "ಮೈ ಮದರ್ ಸೆಲ್ ಫಿಶ್ ಇನ್ ಕುಮಟಾ ಮಾರ್ಕೆಟ್." ಇಲ್ಲಿ ನಿಲ್ಲಿಸಿ "ಸೆಲ್ ಅಲ್ಲ, ಸೆಲ್ಸ್! ಎಸ್ ಎಲ್ಲಿ?" ಅನ್ನುವುದು ಸುಲಭ. ಹಾಗೆ ಅಂದರೆ ಆ ಹುಡುಗಿ "ಸೆಲ್ಸ್" ಅಂತ ಒಮ್ಮೆ ಹೇಳುತ್ತಾಳೆ, ಕೂರುತ್ತಾಳೆ, ಮತ್ತೆ ಆ ದಿನ ಕೈ ಎತ್ತುವುದಿಲ್ಲ. ನಾನು ಕೇಳಿದ್ದು "ಓಹ್, ಶಿ ಸೆಲ್ಸ್ ಫಿಶ್! ವಿಚ್ ಫಿಶ್?" ಅಂತ. ಅವಳು "ಬಂಗಡೆ, ಟೀಚರ್" ಅಂದಳು. "ಶಿ ಸೆಲ್ಸ್ ಓನ್ಲಿ ಬಂಗಡೆ?" "ನೋ ಟೀಚರ್, ಶಿ ಸೆಲ್ ಇಸ್ವಾಣ, ಸಿಗಡಿ, ಆಲ್." ಪಕ್ಕದ ಹುಡುಗನಿಗೆ ತಡೆಯಲಾಗಲಿಲ್ಲ, "ಮೈ ಫಾದರ್ ಕ್ಯಾಚಿಂಗ್ ಫಿಶ್, ಟೀಚರ್" ಅಂದ. ಹತ್ತು ನಿಮಿಷ ಆ ಮಕ್ಕಳು ಇಂಗ್ಲಿಷ್ ಮಾತಾಡಿದರು. ಆ "ಎಸ್" ಅವಳ ಬಾಯಲ್ಲಿ ತಾನಾಗಿ ಬರಲು ಮಳೆಗಾಲ ಕಳೆದು ದೀಪಾವಳಿ ಬಂತು. ಬಂತಲ್ಲ, ಅಷ್ಟು ಸಾಕು.

ಯಾಕೆ ತಡ ಅಂತ ಯೋಚಿಸಿ ನೋಡಿ. ನಮ್ಮಲ್ಲಿ ಬರುತ್ತೇನೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಒಂದೊಂದಕ್ಕೂ ಬೇರೆ ಬೇರೆ ಕೊನೆ. ಕೊನೆ ಕೇಳಿದರೆ ಸಾಕು, ಯಾರು ಬರುತ್ತಾರೆ ಅಂತ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ "ಮೈ ಮದರ್" ಅಂತ ಮೊದಲೇ ಹೇಳಿ ಆಗಿರುತ್ತದೆ. ಆಮೇಲೆ ಬರುವ "ಎಸ್" ಹೊಸದಾಗಿ ಏನನ್ನೂ ತಿಳಿಸುವುದಿಲ್ಲ. ಅರ್ಥಕ್ಕೆ ಬೇಡವಾದದ್ದನ್ನು ಮಗುವಿನ ತಲೆ ಹಿಂದಕ್ಕೆ ಇಡುತ್ತದೆ. ಅದು ದಡ್ಡತನ ಅಲ್ಲವೇ ಅಲ್ಲ.

ನನ್ನ ಕ್ಲಾಸಿನ ಲೆಕ್ಕಕ್ಕೆ ಆ ಆರು ಮೆಟ್ಟಿಲಲ್ಲ, ನನ್ನದೇ ನಾಲ್ಕು ಮೆಟ್ಟಿಲು. ಹಾಗಾದರೆ ಮೊದಲ ಮೆಟ್ಟಿಲಲ್ಲಿ ಏನು? ನನ್ನ ಪ್ರಕಾರ ಮೊದಲು ಮಾತಿನ ಸಾಲು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಇಂಗ್ಲಿಷಿನಲ್ಲಿ ನಡುವೆ. ಕಾರವಾರದ ಕಡೆ ಕೊಂಕಣಿ ಮನೆಮಾತಿನ ಮಕ್ಕಳೇ ಜಾಸ್ತಿ, ಅಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ಭಟ್ಕಳದ ನವಾಯತಿ ಮಾತಾಡುವ ಮಕ್ಕಳದ್ದೂ ಅದೇ ಕಥೆ. ಅಂದರೆ ನಮ್ಮ ಜಿಲ್ಲೆಯ ಯಾವ ಮನೆಯಿಂದ ಬಂದ ಮಗುವಿಗೂ ಮೊದಲ ಕಷ್ಟ ಇದೇ. "ಐ ರೈಸ್ ಈಟ್" ಅನ್ನುವ ಮಗುವಿಗೆ ಟೆನ್ಸ್ ಹೇಳಿ ಏನು ಪ್ರಯೋಜನ? ನಾನು ಚೀಟಿ ಮಾಡಿ ಕೊಡುತ್ತೇನೆ. ಒಂದೊಂದು ಚೀಟಿಯಲ್ಲಿ ಒಂದೊಂದು ಪದ. ಮೂರು ಮಕ್ಕಳು ಮೂರು ಚೀಟಿ ಹಿಡಿದು ಸಾಲಾಗಿ ನಿಲ್ಲಬೇಕು, ಉಳಿದವರು ಅವರನ್ನು ಸರಿಯಾದ ಜಾಗಕ್ಕೆ ಎಳೆದು ನಿಲ್ಲಿಸಬೇಕು. ಗಲಾಟೆ ಆಗುತ್ತದೆ, ಆಗಲಿ. ಮುಖ್ಯ ಏನೆಂದರೆ ಕ್ರಿಯಾಪದದ ಚೀಟಿ ಹಿಡಿದ ಹುಡುಗ ನಡುವೆ ಬಂದು ನಿಲ್ಲುವುದು ಅವರಿಗೆ ಕಣ್ಣಲ್ಲಿ ಕೂರುತ್ತದೆ.

ಇದರ ಜೊತೆಗೇ "ಈಸ್, ಆಮ್, ಆರ್". "ಅವನು ಡ್ರೈವರ್" ಅಂತ ನಾವು ಸುಮ್ನೆ ಎರಡೇ ಪದದಲ್ಲಿ ಮುಗಿಸುತ್ತೇವೆ, ಹಾಗಾಗಿ "ಹಿ ಡ್ರೈವರ್" ಅಂತ ಬರುತ್ತದೆ. ಇದನ್ನು ಮಾತ್ರ ನಾನು ಮೊದಲ ದಿನದಿಂದ ಬಿಡುವುದಿಲ್ಲ, ಯಾಕೆಂದರೆ ಮುಂದೆ "ಈಸ್ ಗೋಯಿಂಗ್" ಬರಬೇಕಾದರೂ, "ಈಸ್ ಮೇಡ್" ಬರಬೇಕಾದರೂ ಈ ಪುಟ್ಟ ಪದವೇ ಬೇಕು. ಆಮೇಲೆ "ಕ್ಯಾನ್", ಬಹುವಚನ, "ದಿಸ್, ದ್ಯಾಟ್". ಇಷ್ಟಿದ್ದರೆ ಒಂದು ವರ್ಷ ನಡೆಯುತ್ತದೆ. ನಮ್ಮ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ಕ್ಲಾಸಿನಲ್ಲೇ ಇಂಗ್ಲಿಷ್ ಶುರುವಾಗಿದೆ. ಅಷ್ಟು ಚಿಕ್ಕ ಮಕ್ಕಳಿಗೆ ಗ್ರಾಮರ್ ಅನ್ನುವ ಹೆಸರೇ ಬೇಡ. ಹಾಡು, ಆಟ, "ಕಮ್ ಹಿಯರ್", "ಗಿವ್ ಮಿ ದ ಬಾಲ್". ನಿಯಮ ಆ ಮಾತಿನ ಒಳಗೇ ಇರುತ್ತದೆ.

ಎರಡನೇ ಮೆಟ್ಟಿಲಲ್ಲಿ ನಡೆದ ಸಂಗತಿ ಹೇಳುವುದು. ಸಿಂಪಲ್ ಪಾಸ್ಟ್. ಇಲ್ಲಿ ದೊಡ್ಡ ತಲೆನೋವು ಪ್ರಶ್ನೆ. "ನೀನು ಎಲ್ಲಿಗೆ ಹೋದೆ?" ಅನ್ನುವಾಗ ಕನ್ನಡದಲ್ಲಿ ಪದಗಳ ಜಾಗ ಬದಲಾಗುವುದಿಲ್ಲ, ಹೊಸ ಪದವೂ ಸೇರುವುದಿಲ್ಲ. ಇಂಗ್ಲಿಷಿನಲ್ಲಿ ಎಲ್ಲಿಂದಲೋ "ಡಿಡ್" ಬಂದು ಕೂರುತ್ತದೆ, ಅದು ಬಂದ ಮೇಲೆ "ವೆಂಟ್" ಹೋಗಿ "ಗೋ" ಆಗುತ್ತದೆ. ಮಕ್ಕಳು ಇದನ್ನು ಮೂರು ಹೆಜ್ಜೆಯಲ್ಲಿ ದಾಟುತ್ತಾರೆ. ಮೊದಲು "ಯು ವೇರ್ ವೆಂಟ್?" ಆಮೇಲೆ "ವೇರ್ ಯು ವೆಂಟ್?" ಆಮೇಲೆ "ವೇರ್ ಡಿಡ್ ಯು ವೆಂಟ್?"

ಈ ಮೂರನೆಯದು ಕಿವಿಗೆ ಬಿದ್ದರೆ ನನಗೆ ಖುಷಿಯಾಗುತ್ತದೆ. ಕೆಲವರು ಅದಕ್ಕೂ ಕೆಂಪು ಗೆರೆ ಹೊಡೆದು ಸೊನ್ನೆ ಹಾಕುತ್ತಾರೆ, ಮೊದಲಿನದಕ್ಕೂ ಸೊನ್ನೆ, ಇದಕ್ಕೂ ಸೊನ್ನೆ. ಇದು ಅನ್ಯಾಯ. "ಡಿಡ್ ಯು ವೆಂಟ್" ಅನ್ನುವ ಮಗುವಿಗೆ "ಡಿಡ್" ಬೇಕು ಅಂತ ಗೊತ್ತಾಗಿದೆ, ಅದರ ಜಾಗವೂ ಗೊತ್ತಾಗಿದೆ. ಪಾಸ್ಟ್ ಅನ್ನುವುದನ್ನು ಎರಡು ಕಡೆ ಹೇಳಿಬಿಟ್ಟಿದೆ, ಅಷ್ಟೇ ಉಳಿದದ್ದು. "ಗೋಡ್", "ಈಟೆಡ್" ಅನ್ನುವುದೂ ಹಾಗೆಯೇ. ನಿಯಮ ಗೊತ್ತಾದ ಮಗು ಮಾತ್ರ ಇಂಥ ತಪ್ಪು ಮಾಡಬಲ್ಲದು. ಉರು ಹೊಡೆದ ಮಗುವಿಗೆ ಈ ತಪ್ಪು ಸಾಧ್ಯವೇ ಇಲ್ಲ. ತಿದ್ದುವಾಗ ಇದು ನೆನಪಿರಬೇಕು. ಪೇಪರಿನಲ್ಲಿ ನಾನು ಪೂರ್ತಿ ಹೊಡೆದು ಹಾಕುವುದಿಲ್ಲ, ತಪ್ಪಿದ ಪದದ ಕೆಳಗೆ ಮಾತ್ರ ಒಂದು ಗೆರೆ ಎಳೆಯುತ್ತೇನೆ. ಮಗು ತಾನೇ ಸರಿ ಮಾಡಿಕೊಂಡು ಬರಲಿ.

"ಎ" ಮತ್ತು "ದ" ಬಗ್ಗೆ ಎಲ್ಲರೂ ಕೇಳುತ್ತಾರೆ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಹೇಗೆ ಕಲಿಸೋದು ಅಂತ. ಅಜ್ಜಿ ಕಥೆ ಹೇಗೆ ಶುರುವಾಗುತ್ತದೆ ಹೇಳಿ? "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಒಬ್ಬಳು ಮಗಳು. ಆ ಮಗಳು..." ಮೊದಲ ಸಲ ಬಂದಾಗ ಒಬ್ಬ, ಗೊತ್ತಾದ ಮೇಲೆ ಆ. "ಎ ಕಿಂಗ್" ಆಮೇಲೆ "ದ ಕಿಂಗ್". ಇದನ್ನು ಕಥೆಯಲ್ಲೇ ತೋರಿಸಿದರೆ ನಾಲ್ಕನೇ ಕ್ಲಾಸಿನ ಮಗುವಿಗೂ ತಿಳಿಯುತ್ತದೆ. ನದಿಗೆ "ದ", ಪರ್ವತ ಸಾಲಿಗೆ "ದ", ಪತ್ರಿಕೆಗೆ "ದ" ಅನ್ನುವ ಉದ್ದ ಪಟ್ಟಿಯನ್ನು ಮೂರನೇ ಮೆಟ್ಟಿಲಿಗೆ ಇಡಿ. ಈಗ ಬೇಡ.

"ಎ" ಮತ್ತು "ಆನ್" ಗೊಂದಲಕ್ಕಂತೂ ನಮ್ಮ ಲಿಪಿಯೇ ಔಷಧ. "ಎ, ಇ, ಐ, ಒ, ಯು ಬಂದರೆ ಆನ್" ಅಂತ ಕಲಿಸಿ ಆಮೇಲೆ ಯುನಿಫಾರ್ಮ್, ಅವರ್ (ಗಂಟೆ), ಎಂಎಲ್ಎ ಎಲ್ಲವನ್ನೂ ಅಪವಾದ ಅಂತ ಬಾಯಿಪಾಠ ಮಾಡಿಸುವುದು ಬೇಡ. ಆ ಪದವನ್ನು ಕನ್ನಡ ಅಕ್ಷರದಲ್ಲಿ ಬರೆಯಲು ಹೇಳಿ. ಯೂನಿಫಾರ್ಮ್, ಮೊದಲಕ್ಷರ ಯ, ವ್ಯಂಜನ, ಹಾಗಾಗಿ "ಎ". ಅವರ್, ಮೊದಲಕ್ಷರ ಅ, ಸ್ವರ, ಹಾಗಾಗಿ "ಆನ್". ಎಂಎಲ್ಎ, ಮೊದಲಕ್ಷರ ಎ, ಸ್ವರ, "ಆನ್". ಇಂಗ್ಲಿಷಿನ ನಿಯಮ ಕಾಗುಣಿತದ ಮೇಲಲ್ಲ, ಉಚ್ಚಾರದ ಮೇಲೆ ನಿಂತಿದೆ, ನಮ್ಮ ಲಿಪಿ ಉಚ್ಚಾರವನ್ನೇ ಬರೆಯುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. "ಎಗ್" ಅನ್ನು "ಯೆಗ್" ಅನ್ನುವ ಅಭ್ಯಾಸ ನಮ್ಮ ಕಡೆ ಇದೆ, ಅದನ್ನು ಮೊದಲು ಬಾಯಲ್ಲಿ ಸರಿ ಮಾಡಿಸಿ.

ದೊಡ್ಡವರ ವಿಷಯಕ್ಕೆ ಬರುತ್ತೇನೆ. ಶಿರಸಿ ಹತ್ತಿರದ ಒಂದು ಹಳ್ಳಿಯಲ್ಲಿ ಹೋಂಸ್ಟೇ ನಡೆಸುವ ಅಕ್ಕ ಒಬ್ಬರು ಮೊದಲ ದಿನವೇ "ಅಕ್ಕೋರೇ, ಯಂಗೆ ಗ್ರಾಮರ್ ಗೀಮರ್ ಎಲ್ಲ ಬ್ಯಾಡ, ಮಾತಾಡಲೆ ಬಂದ್ರೆ ಸಾಕು" ಅಂದರು. ಸರಿ ಅಂದೆ. ಫೋನಿನಲ್ಲಿ ಬರುವ ಗಿರಾಕಿಗಳ ಹತ್ತಿರ ಏನೇನು ಮಾತಾಡಬೇಕು ಅಂತ ಮೊದಲು ಕನ್ನಡದಲ್ಲಿ ಬರೆಸಿದೆ. ಯಾವಾಗ ಬರ್ತೀರಿ, ಎಷ್ಟು ಜನ, ಬಸ್ಸಿಗೋ ಕಾರಿಗೋ, ರಾತ್ರಿ ಊಟ ಬೇಕಾ, ನಮ್ಮಲ್ಲಿ ಸಸ್ಯಾಹಾರ ಮಾತ್ರ, ಮಳೆಗಾಲದಲ್ಲಿ ಉಂಬಳ (ಜಿಗಣೆ) ಇರುತ್ತದೆ. ಅವರು ಅದುವರೆಗೆ ಹೇಳುತ್ತಿದ್ದದ್ದು "ಯು ಕಮಿಂಗ್ ವೆನ್?" ಎದುರಿನವರಿಗೆ ಅರ್ಥವಾಗುತ್ತಿತ್ತು, ಆದರೆ ಇವರಿಗೇ ಧೈರ್ಯ ಸಾಲುತ್ತಿರಲಿಲ್ಲ. "ವೆನ್ ಆರ್ ಯು ಕಮಿಂಗ್?" ಅನ್ನುವ ಒಂದೇ ಮಾತನ್ನು ಹಿಡಿದೆವು. ಆಮೇಲೆ ಮೊದಲ ಪದ ಬದಲಾಯಿಸುತ್ತಾ ಹೋದೆವು. ಹೌ ಆರ್ ಯು ಕಮಿಂಗ್, ವೇರ್ ಆರ್ ಯು ಕಮಿಂಗ್ ಫ್ರಂ, ಹೌ ಮೆನಿ ಆರ್ ಯು. ಅವರೇ ನಿಲ್ಲಿಸಿ "ಓ, ಈ ಆರ್ ಯಾವಾಗಲೂ ಯು ಮುಂದೆ ಬರ್ತು ಅಲ್ದಾ?" ಅಂದರು. ಗ್ರಾಮರ್ ಬೇಡ ಅಂದವರು ನಿಯಮವನ್ನು ತಾವೇ ಕಂಡುಹಿಡಿದು ನನಗೆ ಹೇಳಿದರು.

ದೊಡ್ಡವರಿಗೆ ನಿಯಮ ಬೇಕು. ಮಕ್ಕಳಿಗಿಂತ ಜಾಸ್ತಿ ಬೇಕು. ಅವರು ಯಾಕೆ ಅಂತ ಕೇಳುತ್ತಾರೆ, ಉತ್ತರ ಸಿಗದಿದ್ದರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಆದರೆ ಮಾತು ಮೊದಲು, ನಿಯಮ ಆಮೇಲೆ. ನಿಯಮ ಹೇಳುವ ಹೊತ್ತಿಗೆ ಅವರ ಬಾಯಲ್ಲಿ ಅಂಥ ನಾಲ್ಕೈದು ವಾಕ್ಯ ಆಗಲೇ ಓಡಾಡುತ್ತಿರಬೇಕು. ಈ ವಿಚಾರ ನಮಗೆ ಹೊರಗಿನಿಂದ ಬಂದದ್ದೂ ಅಲ್ಲ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗಕ್ಕೆ ಬೆಂಗಳೂರಿನ ಹೆಸರೇ ಇದೆ, ಬೆಂಗಳೂರು ಪ್ರಾಜೆಕ್ಟ್ ಅಂತಲೇ ಪ್ರಪಂಚದ ಭಾಷಾ ಶಿಕ್ಷಕರು ಅದನ್ನು ಕರೆಯುತ್ತಾರೆ. ಮಕ್ಕಳ ಗಮನ ಅರ್ಥದ ಮೇಲೆ ಇದ್ದಾಗಲೇ ಗ್ರಾಮರ್ ಚೆನ್ನಾಗಿ ಒಳಗೆ ಇಳಿಯುತ್ತದೆ ಅನ್ನುವುದು ಅವರ ನಂಬಿಕೆ. ಟೈಂಟೇಬಲ್ ಕೊಟ್ಟು ಲೆಕ್ಕ ಹಾಕಿಸುವುದು, ಮ್ಯಾಪ್ ಕೊಟ್ಟು ದಾರಿ ಹುಡುಕಿಸುವುದು, ಹೀಗೆ. ನಾನು ಕೊಂಕಣ ರೈಲ್ವೆಯ ಟೈಂಟೇಬಲ್ ಇಟ್ಟುಕೊಂಡು ಇದನ್ನೇ ಮಾಡುತ್ತೇನೆ. ನೀನು ಕುಮಟಾದಿಂದ ಕಾರವಾರಕ್ಕೆ ಹತ್ತು ಗಂಟೆಯೊಳಗೆ ಮುಟ್ಟಬೇಕು, ಯಾವ ಗಾಡಿ? ಎಲ್ಲೆಲ್ಲಿ ನಿಲ್ಲುತ್ತದೆ? ಅಂಕೋಲಾಕ್ಕೆ ಎಷ್ಟು ಹೊತ್ತಿಗೆ? ಸಿಂಪಲ್ ಪ್ರೆಸೆಂಟ್, "ಅಟ್", "ಬಿಫೋರ್", "ಆಫ್ಟರ್" ಎಲ್ಲ ಅಲ್ಲೇ ಬಂದುಹೋಗುತ್ತದೆ. "ಅಟ್, ಆನ್, ಇನ್" ಮೂರಕ್ಕೂ ಕನ್ನಡದಲ್ಲಿ ಒಂದೇ "ಅಲ್ಲಿ" ಸಾಕಾಗುತ್ತದೆ ನೋಡಿ, ಬಸ್‌ಸ್ಟ್ಯಾಂಡಿನಲ್ಲಿ, ಬೀಚಿನಲ್ಲಿ, ಕಾರವಾರದಲ್ಲಿ. ಹಾಗಾಗಿ ಇದಕ್ಕೆ ನಿಯಮಕ್ಕಿಂತ ಬಳಕೆಯೇ ದಾರಿ.

ಮೂರನೇ ಮೆಟ್ಟಿಲು ನನಗೆ ಬಹಳ ಇಷ್ಟ. ಇಲ್ಲಿ ಮಾತು ಬರುತ್ತದೆ, ಈಗ ಅದನ್ನು ಹದ ಮಾಡುವ ಕೆಲಸ.

ಪಿಯುಸಿ ಹುಡುಗರು, ಅಷ್ಟೇ ಯಾಕೆ, ಕೆಲಸದಲ್ಲಿರುವ ದೊಡ್ಡವರೂ "ಯಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಶಿರಸಿ" ಅನ್ನುತ್ತಾರೆ. ಎಲ್ಲಿಂದ ಬಂತು ಇದು? "ನಿನ್ನೆ ಶಿರಸಿಗೆ ಹೋಗಿದ್ದೆ." ಕನ್ನಡದಲ್ಲಿ ಇದು ಪಕ್ಕಾ ಸರಿ. ಹೋಗಿ ವಾಪಸ್ ಬಂದಿದ್ದೇನೆ, ಅದು ಮುಗಿದ ಮಾತು ಅನ್ನುವ ಭಾವ ಅದರಲ್ಲಿದೆ. ಇಂಗ್ಲಿಷಿನ "ಹ್ಯಾಡ್ ಗಾನ್" ಒಂಟಿಯಾಗಿ ನಿಲ್ಲುವುದಿಲ್ಲ. ಅದರ ಮುಂದೆ ಇನ್ನೊಂದು ನಡೆದ ಸಂಗತಿ ಬೇಕು. "ನಾನು ಸ್ಟೇಷನ್ ಮುಟ್ಟುವಷ್ಟರಲ್ಲಿ ಗಾಡಿ ಹೋಗಿಬಿಟ್ಟಿತ್ತು." ಇಲ್ಲಿ ಎರಡು ಸಂಗತಿ ಇವೆ, ಗಾಡಿ ಹೋದದ್ದು ಮೊದಲು. ಇಲ್ಲಿ "ಹ್ಯಾಡ್ ಲೆಫ್ಟ್" ಬೇಕು. ನಾನು ಬೋರ್ಡಿನ ಮೇಲೆ ಒಂದು ಅಡ್ಡ ಗೆರೆ ಎಳೆದು, ಬಲ ತುದಿಯಲ್ಲಿ "ಈಗ" ಅಂತ ಬರೆಯುತ್ತೇನೆ. ಹುಡುಗರು ಬಂದು ಗೆರೆಯ ಮೇಲೆ ತಮ್ಮ ಸಂಗತಿಗೆ ಚುಕ್ಕೆ ಇಡಬೇಕು. ಒಂದೇ ಚುಕ್ಕೆ ಇದ್ದರೆ "ವೆಂಟ್". ಎರಡು ಚುಕ್ಕೆ ಇದ್ದು, ಎಡಗಡೆಯದರ ಬಗ್ಗೆ ಮಾತಾಡುತ್ತಿದ್ದರೆ "ಹ್ಯಾಡ್ ಗಾನ್". ಒಬ್ಬ ಹುಡುಗ ಚುಕ್ಕೆ ಇಟ್ಟು, ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತು, "ಹಾಗಾದ್ರೆ ನಾವು ದಿನಾ ಹೇಳೋದೆಲ್ಲ ವೆಂಟ್ ಅಲ್ವಾ ಮೇಡಂ" ಅಂದ. ಹೌದು, ದಿನಾ ಹೇಳೋದೆಲ್ಲ "ವೆಂಟ್".

"ಹ್ಯಾವ್ ಕಮ್" ಕೂಡ ಇಂಥದ್ದೇ. "ಬಂದೆ", "ಬಂದಿದ್ದೇನೆ" ಎರಡೂ ನಮ್ಮಲ್ಲಿ ಇವೆ, ಹಾಗಾಗಿ ಪ್ರೆಸೆಂಟ್ ಪರ್ಫೆಕ್ಟ್ ಕನ್ನಡದವರಿಗೆ ಪೂರ್ತಿ ಹೊಸದಲ್ಲ, ಇದನ್ನು ಅವರಿಗೆ ಹೇಳಿ ಧೈರ್ಯ ಕೊಡಬೇಕು. ಒಂದೇ ಒಂದು ಕಡೆ ದಾರಿ ಬೇರೆಯಾಗುತ್ತದೆ. "ನಿನ್ನೆಯೇ ಬಂದಿದ್ದೇನೆ" ಅಂತ ನಾವು ಹೇಳಬಹುದು, ಇಂಗ್ಲಿಷಿನಲ್ಲಿ "ಯಸ್ಟರ್‌ಡೇ" ಅಂತ ಹೊತ್ತು ಹೇಳಿದ ಮೇಲೆ "ಹ್ಯಾವ್ ಕಮ್" ಬರುವಂತಿಲ್ಲ. ಈ ಒಂದು ಗಂಟು ಬಿಡಿಸಿದರೆ ಉಳಿದದ್ದು ತಾನಾಗಿ ಸರಾಗ.

ಪ್ಯಾಸಿವ್ ವಾಯ್ಸ್ ಕಲಿಸುವ ರೀತಿ ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. "ರಾಮ ಕಿಲ್ಡ್ ರಾವಣ. ರಾವಣ ವಾಸ್ ಕಿಲ್ಡ್ ಬೈ ರಾಮ." ಅದಕ್ಕೆ ಕನ್ನಡ "ರಾಮನಿಂದ ರಾವಣನು ಕೊಲ್ಲಲ್ಪಟ್ಟನು". ಯಾವ ಮನೆಯಲ್ಲಿ ಯಾರು ಹೀಗೆ ಮಾತಾಡುತ್ತಾರೆ? ಹೀಗೆ ಕಲಿತವರಿಗೆ ಪ್ಯಾಸಿವ್ ಅಂದರೆ ವಾಕ್ಯ ತಿರುಗಿಸುವ ಲೆಕ್ಕ ಅಂತಲೇ ಉಳಿದುಬಿಡುತ್ತದೆ. ಶಿರಸಿಯಲ್ಲಿ ನನ್ನ ಕ್ಲಾಸಿನ ಅರ್ಧಕ್ಕರ್ಧ ಜನ ಅಡಿಕೆ ತೋಟದ ಮನೆಯವರು. ಕೆಂಪಡಿಕೆ ಹೇಗೆ ಮಾಡ್ತಾರೆ ಹೇಳಿ ಅಂದರೆ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಕೊನೆ ಕೊಯ್ತಾರೆ, ಹಸಿ ಅಡಿಕೆ ಸುಲೀತಾರೆ, ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಹಾಕಿ ಬೇಯಿಸ್ತಾರೆ, ಆಮೇಲೆ ಒಣಗಿಸ್ತಾರೆ. ಯಾರು ಕೊಯ್ತಾರೆ, ಯಾರು ಸುಲೀತಾರೆ? ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ. ಇಲ್ಲಿ ಮುಖ್ಯ ಅಡಿಕೆ, ಆಳು ಅಲ್ಲ. ಇಂಗ್ಲಿಷಿನವರು ಇಂಥ ಕಡೆಯಲ್ಲೇ ಪ್ಯಾಸಿವ್ ಬಳಸುತ್ತಾರೆ. "ದ ನಟ್ಸ್ ಆರ್ ಪೀಲ್ಡ್, ಬಾಯ್ಲ್ಡ್ ಅಂಡ್ ಡ್ರೈಡ್." ಅಲ್ಲಿ "ಬೈ" ಬರುವುದೇ ಇಲ್ಲ ನೋಡಿ. ಅಡಿಕೆಯಿಂದ ಶುರು ಮಾಡಿ, ಚಾಲಿ, ಅಂದರೆ ಬೇಯಿಸದೆ ಒಣಗಿಸಿದ ಅಡಿಕೆ, ಹೇಗೆ ಬೇರೆ ಅಂತ ಬರೆಸಿ. ಅದು ಮುಗಿಯುವಷ್ಟರಲ್ಲಿ ಪ್ಯಾಸಿವ್ ಬಂದಿರುತ್ತದೆ. ಕರಾವಳಿಯ ಮಕ್ಕಳಿಗೆ ಬೋಟಿನ ಕಥೆ. ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬೋಟು ದಡಕ್ಕೆ ಬರುತ್ತದೆ, ಬಲೆ ರಿಪೇರಿ ಆಗುತ್ತದೆ, ಎಂಜಿನ್ ಬಿಚ್ಚುತ್ತಾರೆ, ಬಣ್ಣ ಹೊಡೆಯುತ್ತಾರೆ. ಎಲ್ಲ ಪ್ಯಾಸಿವ್ವೇ.

"ಇಫ್" ಕಲಿಸಲು ಜುಲೈ ತಿಂಗಳಿಗಿಂತ ಒಳ್ಳೆ ಹೊತ್ತು ಇಲ್ಲ. ರಾತ್ರಿಯಿಡೀ ಮಳೆ ಹೊಯ್ದಿರುತ್ತದೆ, ಮಕ್ಕಳೆಲ್ಲ ಡಿಸಿ ಆದೇಶ ಬಂತಾ ಅಂತ ಫೋನು ನೋಡುತ್ತಾ ಕೂತಿರುತ್ತಾರೆ. "ಇಫ್ ಇಟ್ ರೇನ್ಸ್ ಹೆವಿಲಿ, ದ ಡಿಸಿ ವಿಲ್ ಡಿಕ್ಲೇರ್ ಎ ಹಾಲಿಡೇ." ಮಕ್ಕಳು "ಇಫ್ ಇಟ್ ವಿಲ್ ರೇನ್" ಅಂದೇ ಶುರು ಮಾಡುತ್ತಾರೆ, ಯಾಕೆಂದರೆ ಮಳೆ ಇನ್ನೂ ಬರಬೇಕಷ್ಟೇ. ಆಗ "ಮಳೆ ಬಂದರೆ" ಅನ್ನುವುದನ್ನು ತೋರಿಸಿ. ಮಳೆ ಮುಂದೆ ಬರುವುದೇ ಆದರೂ ನಾವು "ಬಂದರೆ" ಅನ್ನುತ್ತೇವೆ, ಮುಂದಿನದ್ದು ಅನ್ನುವುದು ಆಮೇಲಿನ ಭಾಗದಲ್ಲಿದೆ. ಇಂಗ್ಲಿಷಿನ "ವಿಲ್" ಕೂಡ ಆಮೇಲಿನ ಭಾಗದಲ್ಲೇ ಇರುತ್ತದೆ. ಎರಡನೇ ಥರದ್ದಕ್ಕೆ, ಅಂದರೆ ಬರೀ ಕಲ್ಪನೆಯ ಮಾತಿಗೆ, "ಇಫ್ ಐ ವರ್ ದ ಡಿಸಿ". ಮಕ್ಕಳ ಬಾಯಿಂದ ಬರುವ ಉತ್ತರ ಕೇಳಬೇಕು ನೀವು. ಮೂರನೆಯದನ್ನು, ಅಂದರೆ ಆಗಿಹೋದದ್ದರ ಬಗ್ಗೆ "ಹೀಗಾಗಿದ್ದರೆ ಹಾಗಾಗುತ್ತಿತ್ತು" ಅನ್ನುವುದನ್ನು, ಇದೇ ವಾರ ಕಲಿಸಬೇಡಿ. ಮೂರನ್ನೂ ಒಟ್ಟಿಗೆ ಬೋರ್ಡಿಗೆ ಹಾಕಿದರೆ ಮೂರೂ ಕಲಸಿಹೋಗುತ್ತವೆ. ಮೊದಲ ಎರಡು ಬಾಯಲ್ಲಿ ಕೂತ ಮೇಲೆ, ತಿಂಗಳುಗಳು ಕಳೆದ ಮೇಲೆ ಬರಲಿ.

ನಾಲ್ಕನೇ ಮೆಟ್ಟಿಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅಲ್ಲಿಗೆ ಬಂದವರು ಅರ್ಧ ತಾವೇ ಓದಿ ಕಲಿಯುತ್ತಾರೆ. ಎರಡು ಕಡೆ ಮಾತ್ರ ಕೈ ಹಿಡಿಯಬೇಕು. ಒಂದು, ಬೇರೆಯವರ ಮಾತನ್ನು ಹೇಳುವುದು. "ನಾಳೆ ಬರ್ತೇನೆ ಅಂತ ಹೇಳಿದ" ಅನ್ನುವಾಗ ನಾವು ಅವನ ಮಾತನ್ನು ಇದ್ದ ಹಾಗೇ ಇಟ್ಟು "ಅಂತ" ಸೇರಿಸುತ್ತೇವೆ. ಅದಕ್ಕೇ "ಹಿ ಟೋಲ್ಡ್ ದ್ಯಾಟ್ ಐ ವಿಲ್ ಕಮ್ ಟುಮಾರೋ" ಬರುತ್ತದೆ, ಕೇಳಿದವರಿಗೆ ಬರುವವನು ನೀನೋ ಅವನೋ ಅಂತ ಗೊಂದಲ. ಇನ್ನೊಂದು, ವಿನಯ. ನಾವು "ಕೊಡಿ" ಅಂದರೆ ಸಾಕು, ಮರ್ಯಾದೆ ಅದರಲ್ಲೇ ಇದೆ. ಇಂಗ್ಲಿಷಿನಲ್ಲಿ "ಗಿವ್ ಮಿ" ಅಂದರೆ ಒರಟು. "ಕುಡ್ ಯು", "ವುಡ್ ಯು ಮೈಂಡ್" ಬೇಕಾಗುತ್ತದೆ. ಗೋವಾಕ್ಕೆ ಹೋಗುವ ನರ್ಸ್‌ಗಳಿಗೆ ನಾನು ಇದನ್ನು ನಾಲ್ಕನೇ ಮೆಟ್ಟಿಲಿನವರೆಗೂ ಕಾಯದೆ ಮೊದಲ ತಿಂಗಳೇ ವಾಕ್ಯವಾಗಿ ಕಲಿಸುತ್ತೇನೆ. "ಕುಡ್ ಯು ಲಿಫ್ಟ್ ಯುವರ್ ಆರ್ಮ್, ಪ್ಲೀಸ್?" ಅದರ ಗ್ರಾಮರ್ ಯಾವಾಗಾದರೂ ಬರಲಿ, ರೋಗಿಗೆ ಈಗ ಬೇಕಲ್ವಾ.

ಪರೀಕ್ಷೆ ಏನು ಮಾಡೋದು ಅಂತ ಟೀಚರುಗಳು ಕೇಳುತ್ತಾರೆ. ನಿಜ, ಎಸ್ಸೆಸ್ಸೆಲ್ಸಿ ಪೇಪರಿನಲ್ಲಿ ವಾಯ್ಸ್ ಬದಲಾಯಿಸಿ, ರಿಪೋರ್ಟೆಡ್ ಸ್ಪೀಚ್ ಮಾಡಿ, ಕ್ವೆಶ್ಚನ್ ಟ್ಯಾಗ್ ಹಾಕಿ ಅಂತ ಬರುತ್ತದೆ. ಮಕ್ಕಳ ಒಂದು ಮಾರ್ಕನ್ನೂ ಬಿಡುವ ಹಕ್ಕು ನಮಗಿಲ್ಲ. ಜನವರಿಯಿಂದ ನಾನೂ ಹಳೆ ಪೇಪರ್ ಬಿಡಿಸುತ್ತೇನೆ, ಟ್ರಿಕ್ಕುಗಳನ್ನೂ ಹೇಳುತ್ತೇನೆ. ಆದರೆ ಅದು ಪರೀಕ್ಷೆಯ ತಯಾರಿ, ಅಷ್ಟೇ. ಜೂನಿನಿಂದ ಡಿಸೆಂಬರಿನವರೆಗಿನ ಹೊತ್ತನ್ನೂ ಅದಕ್ಕೇ ಕೊಟ್ಟರೆ ಮಗುವಿಗೆ ಟ್ಯಾಗ್ ಹಾಕಲು ಬರುತ್ತದೆ, ಟ್ಯಾಗಿನ ಮುಂದೆ ಇರಬೇಕಾದ ಮಾತು ಬರುವುದಿಲ್ಲ.

ಕೊನೆಯದಾಗಿ ಒಂದೇ ಕೋಣೆಯಲ್ಲಿ ಎಲ್ಲ ಮೆಟ್ಟಿಲಿನವರು ಇದ್ದಾಗ ಏನು ಮಾಡುವುದು ಅನ್ನುವುದು. ಹಳ್ಳಿ ಶಾಲೆಯಲ್ಲಿ ಒಬ್ಬರೇ ಟೀಚರ್ ಎರಡು ಮೂರು ಕ್ಲಾಸನ್ನು ಒಟ್ಟಿಗೆ ನೋಡುವುದು ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ. ನನ್ನ ಹತ್ತಿರ ಕಾರವಾರದ ಬೈತಖೋಲ್ ಬಂದರಿನ ಒಂದು ದೊಡ್ಡ ಫೋಟೋ ಇದೆ. ಬೋಟುಗಳು, ಬುಟ್ಟಿ ಹೊತ್ತ ಹೆಂಗಸರು, ಐಸ್ ತುಂಬಿದ ಲಾರಿ, ಬಲೆ ಬಿಡಿಸುತ್ತಾ ಕೂತವರು. ಅದನ್ನು ಗೋಡೆಗೆ ಹಚ್ಚುತ್ತೇನೆ. ಚಿಕ್ಕವರು ಏನು ಕಾಣುತ್ತದೆ, ಯಾರು ಏನು ಮಾಡುತ್ತಿದ್ದಾರೆ ಅಂತ ಹೇಳಬೇಕು, "ದೇರ್ ಈಸ್", "ಶಿ ಈಸ್ ಕ್ಯಾರಿಯಿಂಗ್" ಅಷ್ಟೇ. ಎರಡನೆಯವರು ಆ ಬುಟ್ಟಿ ಹೊತ್ತ ಅಮ್ಮ ಬೆಳಿಗ್ಗೆಯಿಂದ ಏನೇನು ಮಾಡಿದರು ಅಂತ ಊಹಿಸಿ ಬರೆಯಬೇಕು. ಮೂರನೆಯವರಿಗೆ ಮೀನು ಬೋಟಿನಿಂದ ಇಳಿದು ಹುಬ್ಬಳ್ಳಿಯ ಅಂಗಡಿ ಮುಟ್ಟುವವರೆಗೆ ಅದಕ್ಕೆ ಏನೇನಾಗುತ್ತದೆ ಅನ್ನುವುದು. ದೊಡ್ಡವರು ಮಳೆಗಾಲದ ನಿಷೇಧ ಎರಡು ತಿಂಗಳು ಸಾಕಾ, ಇನ್ನೂ ಜಾಸ್ತಿ ಬೇಕಾ ಅಂತ ವಾದ ಮಾಡಬೇಕು. ಎಲ್ಲರೂ ಎಲ್ಲರದ್ದನ್ನೂ ಕೇಳಿಸಿಕೊಳ್ಳುತ್ತಾರೆ. ದೊಡ್ಡವರ ವಾದ ನಡೆಯುವಾಗ ಚಿಕ್ಕವರು ಬಾಯಿ ಬಿಟ್ಟು ಕೂತಿರುತ್ತಾರೆ, ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಆದರೂ ಹೋದ ತಿಂಗಳು ನಿಷೇಧದ ವಾದ ಜೋರಾಗಿ ನಡೆಯುತ್ತಿದ್ದಾಗ ಒಬ್ಬ ಆರನೇ ಕ್ಲಾಸಿನ ಹುಡುಗ ಎದ್ದು ನಿಂತು "ನೋ ಫಿಶಿಂಗ್, ದೆನ್ ಮೈ ಫಾದರ್ ಗೋ ಗೋವಾ ಫಾರ್ ವರ್ಕ್" ಅಂದ. ವಾದ ಮಾಡುತ್ತಿದ್ದ ಪಿಯುಸಿಯವರು ಅವನ ಕಡೆ ತಿರುಗಿ, "ವಾಟ್ ವರ್ಕ್ ಡಸ್ ಹಿ ಡು ದೇರ್?" ಅಂತ ಕೇಳಿದರು.